60 ದಾಟಿದ ಮೇಲೆ ಹೊಸ ಬೈಕಿನಲ್ಲಿ ದೂರದ ಸವಾರಿ: ವಯಸ್ಸು ನಿಜಕ್ಕೂ ಅಡ್ಡಿಯೇ?

ನಮ್ಮ ತಂಡದ ಗೆಳತಿಯೊಬ್ಬಳ ಅಪ್ಪನಿಗೆ ಈಗ 62. ಎರಡು ತಿಂಗಳ ಹಿಂದೆ ಅವರು 350 ಸಿಸಿಯ ಹೊಸ ಬೈಕು ಮನೆಗೆ ತಂದರು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮುಗಿಸಿದ ಸಂಜೆಯೇ, "ಮುಂದಿನ ವಾರ ಬೆಂಗಳೂರಿನಿಂದ ಗೋಕರ್ಣಕ್ಕೆ ಹೋಗ್ತೀನಿ, ಒಂದೇ ದಿನದಲ್ಲಿ" ಎಂದು ಘೋಷಿಸಿದರು. ಅಮ್ಮ "ಈ ವಯಸ್ಸಲ್ಲಿ ನಿಮಗೆ ಇದೆಲ್ಲ ಬೇಕಿತ್ತಾ?" ಎಂದರು. ಅಪ್ಪನ ಗೆಳೆಯರು "ಹೊಸ ಗಾಡಿ, ಪಳಗಿದ ಕೈ, ಏನೂ ಆಗಲ್ಲ ಹೋಗಿ ಬಾ" ಎಂದರು. ಇವರಲ್ಲಿ ಯಾರ ಮಾತು ಸರಿ ಎಂದು ಗೆಳತಿ ನಮ್ಮನ್ನು ಕೇಳಿದಳು.

ವಿಷಯ ಕೆದಕಿದಾಗ ಎರಡೂ ಮಾತು ಅರ್ಧ ಸರಿ, ಅರ್ಧ ತಪ್ಪು ಎನ್ನಿಸಿತು. ಒಂದೊಂದಾಗಿ ನೋಡೋಣ.

ನಂಬಿಕೆ 1: 60 ದಾಟಿದವರು ಬೈಕು ಓಡಿಸಬಾರದು

ನಮ್ಮ ಕಾನೂನಿನಲ್ಲಿ ಬೈಕು ಓಡಿಸಲು ಗರಿಷ್ಠ ವಯಸ್ಸು ಎಂಬುದಿಲ್ಲ. 2019ರ ತಿದ್ದುಪಡಿಯ ಪ್ರಕಾರ, 55 ವರ್ಷ ತುಂಬಿದ ಮೇಲೆ ಪಡೆಯುವ ಅಥವಾ ನವೀಕರಿಸುವ ಡಿಎಲ್ 5 ವರ್ಷಕ್ಕೆ ಸೀಮಿತ. ಜೊತೆಗೆ ವೈದ್ಯರು ಸಹಿ ಮಾಡಿದ ಫಾರಂ 1-ಎ ಕೊಡಬೇಕು. ಹಾಗಾಗಿ ಹೊರಡುವ ಮುಂಚೆ ಮೊದಲು ನೋಡಬೇಕಾದ್ದು ಡಿಎಲ್ ಮೇಲಿನ ದಿನಾಂಕ. ಅವಧಿ ಮುಗಿದಿದ್ದರೆ, ಅಪಘಾತವಾದಾಗ ವಿಮೆಯ ಹಣಕ್ಕೂ ತಕರಾರು ಬರಬಹುದು.

ಆದರೆ ಅಮ್ಮನ ಭಯಕ್ಕೆ ಆಧಾರವೇ ಇಲ್ಲ ಎನ್ನುವಂತಿಲ್ಲ. ಅಮೆರಿಕದ ಬೈಕ್ ಅಪಘಾತಗಳ ಬಗ್ಗೆ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಗಾಯಗೊಂಡು ತುರ್ತು ಚಿಕಿತ್ಸೆಗೆ ಬಂದವರನ್ನು ವಯಸ್ಸಿನ ಪ್ರಕಾರ ಹೋಲಿಸಿತು. 20ರಿಂದ 39 ವರ್ಷದವರಿಗಿಂತ 60 ದಾಟಿದವರು ಆಸ್ಪತ್ರೆಗೆ ದಾಖಲಾಗಬೇಕಾದ ಸಾಧ್ಯತೆ ಸುಮಾರು ಮೂರು ಪಟ್ಟು ಇತ್ತು. ಮೂಳೆಯ ಗಟ್ಟಿತನ ಕಡಿಮೆಯಾಗಿರುತ್ತದೆ, ಚೇತರಿಕೆಯೂ ನಿಧಾನ. ಅಂದರೆ ವಯಸ್ಸಾದವರು ಹೆಚ್ಚು ಬೀಳುತ್ತಾರೆ ಎಂದಲ್ಲ, ಬಿದ್ದರೆ ತೆರಬೇಕಾದ ಬೆಲೆ ಹೆಚ್ಚು.

ನಂಬಿಕೆ 2: ಪಳಗಿದ ಕೈ, ಮರೆಯುವುದಿಲ್ಲ

ನಿಜ, ಮರೆಯುವುದಿಲ್ಲ. ತೊಂದರೆ ಇರುವುದೂ ಅಲ್ಲೇ.

ಗೆಳತಿಯ ಅಪ್ಪ ಯೌವನದಲ್ಲಿ ಓಡಿಸಿದ್ದು ಹಳೆಯ ಬುಲೆಟ್. ಅದರಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗಿನ ಬೈಕುಗಳಲ್ಲಿ ಇದು ತಿರುಗುಮುರುಗು. ಕಳೆದ ಹದಿನೈದು ವರ್ಷ ಅವರು ಓಡಿಸಿದ್ದು ಗೇರಿಲ್ಲದ ಸ್ಕೂಟರ್. ಅದರಲ್ಲಿ ಎಡಗೈ ಲಿವರ್ ಹಿಂದಿನ ಬ್ರೇಕು. ಬೈಕಿನಲ್ಲಿ ಅದೇ ಲಿವರ್ ಕ್ಲಚ್ಚು. ದಾರಿಗೆ ದಿಢೀರನೆ ಎಮ್ಮೆ ಅಡ್ಡ ಬಂದಾಗ ಯೋಚಿಸಲು ಸಮಯವಿರುವುದಿಲ್ಲ, ದೇಹ ಹಳೆಯ ಅಭ್ಯಾಸವನ್ನೇ ನೆಚ್ಚಿಕೊಳ್ಳುತ್ತದೆ. ಎಡಗೈ ಬಿಗಿದರೆ ಗಾಡಿ ನಿಲ್ಲುವುದಿಲ್ಲ. ಎಂಜಿನ್ನಿನ ಹಿಡಿತವೂ ತಪ್ಪಿ ಮುಂದಕ್ಕೆ ಜಾರುತ್ತದೆ.

ತೂಕವನ್ನೂ ಲೆಕ್ಕ ಹಾಕಿ. ಸ್ಪ್ಲೆಂಡರ್‌ನಂಥ ಗಾಡಿ ಸುಮಾರು 112 ಕಿಲೋ, ಕ್ಲಾಸಿಕ್ 350 ಸುಮಾರು 195 ಕಿಲೋ. ಓಡುವಾಗ ಈ ವ್ಯತ್ಯಾಸ ಗೊತ್ತಾಗದು. ಇಳಿಜಾರಿನಲ್ಲಿ ನಿಲ್ಲಿಸುವಾಗ, ಮರಳಿನಲ್ಲಿ ತಿರುಗಿಸುವಾಗ ಮೊಣಕಾಲಿಗೆ ಗೊತ್ತಾಗುತ್ತದೆ.

ಇನ್ನೊಂದು ಹಳೆಯ ಪಾಠ, "ಮುಂದಿನ ಬ್ರೇಕ್ ಹಿಡಿಯಬೇಡ, ಪಲ್ಟಿ ಹೊಡೀತೀಯ" ಎಂಬುದು. ಬ್ರೇಕು ಹಾಕಿದಾಗ ಗಾಡಿಯ ಭಾರ ಮುಂದಿನ ಚಕ್ರಕ್ಕೆ ವರ್ಗವಾಗುತ್ತದೆ. ಹಾಗಾಗಿ ಗಾಡಿ ನಿಲ್ಲಿಸುವ ಶಕ್ತಿಯ ಬಹುಪಾಲು ಬರುವುದು ಮುಂದಿನ ಬ್ರೇಕಿನಿಂದಲೇ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕುಗಳಲ್ಲೂ ಎಬಿಎಸ್ ಕಡ್ಡಾಯ. ಗಟ್ಟಿಯಾಗಿ ಬ್ರೇಕು ಹಿಡಿದಾಗ ಚಕ್ರ ಸಂಪೂರ್ಣ ಲಾಕ್ ಆಗದಂತೆ ಅದು ನೋಡಿಕೊಳ್ಳುತ್ತದೆ. ಆದರೂ ತಿರುವಿನಲ್ಲಿ ಗಾಡಿ ವಾಲಿರುವಾಗ ಸಾಮಾನ್ಯ ಎಬಿಎಸ್ ನೆಚ್ಚಿಕೊಳ್ಳುವಂತಿಲ್ಲ. ವೇಗವನ್ನು ತಿರುವಿಗೆ ಮುಂಚೆಯೇ ತಗ್ಗಿಸಬೇಕು.

ನಂಬಿಕೆ 3: ಹೊಸ ಗಾಡಿ, ದಾರಿಯಲ್ಲಿ ಕೈಕೊಡುವುದಿಲ್ಲ

ಹೊಸ ಟೈರಿನ ಮೇಲ್ಮೈ ನುಣುಪಾಗಿರುತ್ತದೆ. ಮೊದಲ ನೂರು, ನೂರೈವತ್ತು ಕಿಲೋಮೀಟರ್ ಅದರ ಹಿಡಿತ ಕಡಿಮೆ. ಬ್ರೇಕ್ ಪ್ಯಾಡುಗಳು ಡಿಸ್ಕಿಗೆ ಸರಿಯಾಗಿ ಕೂರಲೂ ಕೊಂಚ ಓಡಾಟ ಬೇಕು. ಎಂಜಿನ್ ಒಳಗೆ ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ ಹೊಂದಿಕೊಳ್ಳುವ ಹಂತವೂ ಇದೇ. ಆಗ ಉದುರುವ ಸಣ್ಣ ಲೋಹದ ಕಣಗಳು ಆಯಿಲಿಗೆ ಸೇರುತ್ತವೆ. ಹೆಚ್ಚಿನ ಕಂಪನಿಗಳು 500ರಿಂದ 1,000 ಕಿ.ಮೀ. ಒಳಗೇ ಮೊದಲ ಸರ್ವಿಸ್ ಮಾಡಿಸಿ ಎನ್ನುವುದಕ್ಕೆ ಇದು ಮುಖ್ಯ ಕಾರಣ.

"ಲಾಂಗ್ ರೈಡ್ ಹೊಡೆದರೆ ಎಂಜಿನ್ ಫ್ರೀ ಆಗುತ್ತೆ" ಎಂಬ ಮಾತೂ ಚಾಲ್ತಿಯಲ್ಲಿದೆ. ಕೈಪಿಡಿಗಳು ಹೇಳುವುದು ಬೇರೆ: ಆರಂಭದಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಬೇಡಿ, ಗಂಟೆಗಟ್ಟಲೆ ಒಂದೇ ವೇಗದಲ್ಲೂ ಓಡಿಸಬೇಡಿ. ಹೆದ್ದಾರಿಯಲ್ಲಿ ನಾವು ಮಾಡುವುದು ಇವೆರಡನ್ನೇ. ಆದ್ದರಿಂದ ಮೊದಲ ಸರ್ವಿಸ್ ಮುಗಿದ ಮೇಲೆ ಹೊರಡುವುದು ಗಾಡಿಗೂ ಸವಾರರಿಗೂ ಒಳ್ಳೆಯದು. ಅಷ್ಟರಲ್ಲಿ ಕೈಕಾಲಿಗೂ ಹೊಸ ಅಭ್ಯಾಸ ಕೂತಿರುತ್ತದೆ.

ನಂಬಿಕೆ 4: ರಾತ್ರಿ ಮೂರಕ್ಕೇ ಹೊರಟರೆ ರಸ್ತೆ ಖಾಲಿ

ರಸ್ತೆ ಖಾಲಿ ಇರಬಹುದು, ಆದರೆ ಕಣ್ಣಿಗೆ ಅದು ಕಷ್ಟದ ಹೊತ್ತು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. 20ರ ಹರೆಯದಲ್ಲಿ ಅಕ್ಷಿಪಟಲಕ್ಕೆ ಮುಟ್ಟುತ್ತಿದ್ದ ಬೆಳಕಿನಲ್ಲಿ 60ರ ಹೊತ್ತಿಗೆ ಸುಮಾರು ಮೂರನೇ ಒಂದು ಭಾಗವಷ್ಟೇ ಮುಟ್ಟುತ್ತದೆ. ಎದುರಿನ ಲಾರಿಯ ಹೈ ಬೀಮ್ ಕಣ್ಣಿಗೆ ಹೊಡೆದ ಮೇಲೆ ಮತ್ತೆ ಸರಿಯಾಗಿ ಕಾಣಲೂ ಹೆಚ್ಚು ಹೊತ್ತು ಬೇಕು. ಪೊರೆ ಶುರುವಾಗಿದ್ದರೆ ಇನ್ನೂ ಕಷ್ಟ.

80 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಗುಂಡಿ ಕಾಣುವುದು ಅರ್ಧ ಸೆಕೆಂಡ್ ತಡವಾದರೆ 11 ಮೀಟರ್ ಕಳೆದಂತೆ. ಇದನ್ನು ಸರಿದೂಗಿಸುವ ಉಪಾಯ ಸರಳ: ಬೆಳಕು ಹರಿದ ಮೇಲೆ ಹೊರಡಿ, ಕತ್ತಲಾಗುವ ಮುಂಚೆ ತಲುಪಿ, ಮುಂದಿನ ವಾಹನದಿಂದ ಹೆಚ್ಚು ಅಂತರ ಬಿಡಿ. ಹೊರಡುವ ಮುಂಚೆ ಕಣ್ಣಿನ ತಪಾಸಣೆಯೂ ಆಗಲಿ.

ನಂಬಿಕೆ 5: ನೀರು ಕಡಿಮೆ ಕುಡಿದರೆ ಪದೇಪದೇ ನಿಲ್ಲಿಸಬೇಕಿಲ್ಲ

ಮೂತ್ರಕ್ಕೆ ನಿಲ್ಲಿಸಬೇಕಾಗುತ್ತದೆಂದು ನೀರು ಬಿಡುವ ಹಿರಿಯರು ಬಹಳ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕುಗ್ಗುತ್ತದೆ. ಬೈಕಿನ ಮೇಲೆ ಗಾಳಿಗೆ ಬೆವರು ತಕ್ಷಣ ಆರುವುದರಿಂದ, ಎಷ್ಟು ನೀರು ಹೋಯಿತೆಂಬುದೂ ತಿಳಿಯದು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆಸುತ್ತು ಬರುವ ಅಪಾಯ ಇನ್ನೂ ಹೆಚ್ಚು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಸಕ್ಕರೆ ಕಾಯಿಲೆಯ ಔಷಧ ತೆಗೆದುಕೊಂಡು ಊಟ ತಡ ಮಾಡಿದರೆ ಸಕ್ಕರೆಯಂಶ ಕುಸಿಯಬಹುದು. ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮೈನ್ ನಿದ್ದೆ ತರಿಸುತ್ತದೆ. ಹಾಗೆಂದು ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. "ದಿನಕ್ಕೆ ಇಷ್ಟು ಗಂಟೆ ಬೈಕ್ ಓಡಿಸುತ್ತೇನೆ" ಎಂದು ವೈದ್ಯರಿಗೆ ಹೇಳಿ, ಅವರು ಹೇಳಿದಂತೆ ನಡೆಯಿರಿ.

ನಿಲ್ಲಿಸುವುದರಿಂದ ಇನ್ನೊಂದು ಲಾಭವೂ ಇದೆ. ವಿಮಾನ, ರೈಲು, ಬಸ್ಸು, ಕಾರುಗಳಲ್ಲಿ 4 ಗಂಟೆ ಅಥವಾ ಹೆಚ್ಚು ಹೊತ್ತು ಅಲುಗಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತ್ತು. ಒಟ್ಟಾರೆ ಅಪಾಯ ಸಣ್ಣದೇ. ಆದರೂ ಗಂಟೆ, ಒಂದೂವರೆ ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆದಾಡಿದರೆ ಕಾಲು, ಸೊಂಟ, ಗಮನ ಮೂರಕ್ಕೂ ಒಳ್ಳೆಯದು.

ಹಾಗಾದರೆ ಹೋಗಬಹುದೇ?

ಹೋಗಬಹುದು, ಆದರೆ ಮೊದಲು ಹಾಕಿದ್ದ ಲೆಕ್ಕದಂತೆ ಅಲ್ಲ. ಗೆಳತಿಯ ಅಪ್ಪನ ಜೊತೆ ಕೂತು ನಾವು ಮಾಡಿದ ಬದಲಾವಣೆ ಇಷ್ಟು. ಸುಮಾರು 500 ಕಿ.ಮೀ. ದಾರಿಯನ್ನು ಎರಡು ದಿನಕ್ಕೆ ಹಂಚಿದೆವು: ಮೊದಲ ದಿನ ಶಿವಮೊಗ್ಗ, ಎರಡನೇ ದಿನ ಸಾಗರ, ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರದ ಮೂಲಕ ಗೋಕರ್ಣ. ಘಾಟಿ ರಸ್ತೆ ಒದ್ದೆಯಿರುವ ಮಳೆಗಾಲ ಬೇಡ. ಐಎಸ್ 4151 ಗುರುತಿನ ಹೆಲ್ಮೆಟ್, ಗವಸು, ಮೊಣಕಾಲು ಮೊಣಕೈಗೆ ಪ್ಯಾಡುಳ್ಳ ಉಡುಪು, ಪಾದದ ಗಂಟು ಮುಚ್ಚುವ ಶೂ ಇರಬೇಕು. ಹೊರಡುವ ಮುಂಚೆ ಖಾಲಿ ಮೈದಾನದಲ್ಲಿ ದಿಢೀರ್ ಬ್ರೇಕು ಹಾಕುವುದನ್ನು ಕೈಕಾಲು ತಾನಾಗಿಯೇ ಮಾಡುವಷ್ಟು ಅಭ್ಯಾಸ ಮಾಡಬೇಕು.

ಮೊದಲ ದಿನದ ಅಭ್ಯಾಸದಲ್ಲಿ ಅವರ ಎಡಗೈ ನಾಲ್ಕು ಸಲ ಕ್ಲಚ್ಚನ್ನೇ ಬ್ರೇಕೆಂದು ಹಿಡಿಯಿತು. ಅದನ್ನು ಅವರೇ ಎಣಿಸಿ ಹೇಳಿದರು. ಆಮೇಲೆ ಮುಂದಿನ ವಾರವೇ ಹೊರಡುವ ಮಾತನ್ನು ಅವರೇ ಬಿಟ್ಟರು. ಈಗ ಗಾಡಿ 600 ಕಿ.ಮೀ. ಓಡಿದೆ, ಮೊದಲ ಸರ್ವಿಸ್ ಆಗಿದೆ, ಕಣ್ಣಿನ ತಪಾಸಣೆಯೂ ಮುಗಿದಿದೆ. ಈ ತಿಂಗಳ ಕೊನೆಗೆ ಹೊರಡುತ್ತಾರೆ. ಶಿವಮೊಗ್ಗದವರೆಗೆ ಅಮ್ಮ ರೈಲಿನಲ್ಲಿ ಬರುತ್ತಾರಂತೆ.