ಘಾಟಿಯಲ್ಲಿ ಗಾಡಿ ಎಲ್ಲಿ ನಿಲ್ಲಿಸುತ್ತೀರಿ?

ಮಳೆ ಹಿಡಿದರೆ ಸಾಕು, ಬೆಂಗಳೂರಿನ ಕಾರುಗಳು ಪಶ್ಚಿಮ ಘಟ್ಟದ ಕಡೆ ಮುಖ ಮಾಡುತ್ತವೆ. ಟೈರು, ವೈಪರ್, ಬ್ರೇಕ್ ನೋಡಿಸಿಕೊಂಡು ಹೊರಡುವ ಜಾಣರೂ ಒಂದನ್ನು ಮರೆಯುತ್ತಾರೆ: ಘಾಟಿಯಲ್ಲಿ ವೇಗದಷ್ಟೇ ಅಪಾಯ ಗಾಡಿ ನಿಲ್ಲಿಸುವ ಜಾಗದಲ್ಲೂ ಇರುತ್ತದೆ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಸತ್ತವರಲ್ಲಿ ರಸ್ತೆ ಬದಿಯ ಚಹಾ ಅಂಗಡಿಯ ಕುಟುಂಬವೂ ಇತ್ತು. ಅಲ್ಲಿ ನಿಂತಿದ್ದ ಲಾರಿ ಗಂಗಾವಳಿ ನದಿಯ ಪಾಲಾಯಿತು. ರಸ್ತೆಗಾಗಿ ಗುಡ್ಡದ ಬುಡವನ್ನು ನೆಟ್ಟಗೆ ಕೊರೆದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಬಿಡದೆ ಸುರಿದ ಮಳೆ ಕುಡಿದು ಭಾರವಾದಾಗ ಅದು ಜಾರುತ್ತದೆ. ಹಾಗಾಗಿ ಕೊರೆದ ಗುಡ್ಡದ ಅಡಿಯಲ್ಲಿ, ತೊರೆ ರಸ್ತೆ ದಾಟುವಲ್ಲಿ, ಜಲಪಾತ ಎಷ್ಟೇ ಚೆಂದವಿರಲಿ, ಗಾಡಿ ನಿಲ್ಲಿಸಬೇಡಿ. ಝರಿಯ ತಿಳಿನೀರು ಏಕಾಏಕಿ ಕೆಂಪಾದರೆ, ಸಣ್ಣ ಕಲ್ಲು ಉರುಳತೊಡಗಿದರೆ, ಡಾಂಬರು ಹೊಸದಾಗಿ ಬಿರುಕು ಬಿಟ್ಟಿದ್ದರೆ ಮೊಬೈಲ್ ಎತ್ತಿ ಹಿಡಿಯದೆ ಅಲ್ಲಿಂದ ಸರಿಯಿರಿ. ಎದುರಾಗುವ ಗಾಡಿಯವರಿಗೆ ಹೇಳಿ, ಸಿಗ್ನಲ್ ಸಿಕ್ಕ ಕೂಡಲೇ 112ಕ್ಕೆ ತಿಳಿಸಿ.

ಇನ್ನು ಇಳಿಜಾರು. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವ ಮಹನೀಯರು ಈಗಲೂ ಇದ್ದಾರೆ. ಈಗಿನ ಇಂಜೆಕ್ಷನ್ ಎಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಉರಿಸುತ್ತವೆ. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಪೆಡಲ್ ತುಳಿದೇ ಇಳಿದರೆ ಬ್ರೇಕ್ ಕಾದು ಕೆಲಸ ಬಿಡುತ್ತದೆ. ಎರಡನೇ ಗೇರಿನಲ್ಲಿ ನಿಧಾನ ಇಳಿಯಿರಿ, ಏರಿ ಬರುವವರಿಗೆ ದಾರಿ ಬಿಡಿ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ನಿಮ್ಮ ಕಣ್ಣಿಗೇ ವಾಪಸು ಹೊಡೆಯುತ್ತದೆ, ಲೋಬೀಮ್ ಸಾಕು.

ಶಿರಾಡಿ ಘಾಟಿ ಮುಚ್ಚಿದರೆ ಚಾರ್ಮಾಡಿ, ಅದೂ ಆಗದಿದ್ದರೆ ಸಂಪಾಜೆ ಎಂದು ಲೆಕ್ಕ ಹಾಕುವವರು ಒಂದು ವಿಷಯ ಗಮನಿಸಬೇಕು: ಮೂರರ ಮೇಲೂ ಸುರಿಯುವುದು ಒಂದೇ ಮಳೆ. 2018ರ ಆಗಸ್ಟ್‌ನಲ್ಲಿ ಸಂಪಾಜೆ ದಾರಿಯ ಜೋಡುಪಾಲದಲ್ಲೇ ಗುಡ್ಡ ಜರಿದಿತ್ತು. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಎಂದರೆ 24 ಗಂಟೆಯಲ್ಲಿ 204.4 ಮಿ.ಮೀ.ಗೂ ಮೀರಿದ ಮಳೆಯ ಸೂಚನೆ. ಅಂಥ ದಿನ ಕರಾವಳಿಗೆ ಇಳಿಯುವ ಹಟ ಬೇಡ. ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ರೂಮು ಹಿಡಿದು, ಮನೆಗೆ ಫೋನ್ ಮಾಡಿ, ಉಳಿದುಬಿಡಿ.