ಪುಟ್ಟ ವಿಮಾನದ ಪೈಲಟ್‌ಗೊಂದು ಟ್ಯಾಬ್ಲೆಟ್

ಒಂದೇ ಎಂಜಿನ್ನಿನ ಸೆಸ್ನಾ ವಿಮಾನವನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಪಡೆದು, ರಜೆಯ ದಿನ ಇನ್ನೊಂದು ಊರಿಗೆ ಹಾರಿ, ಅಲ್ಲಿ ಊಟ ಮುಗಿಸಿ ಸಂಜೆಯೊಳಗೆ ವಾಪಸ್ಸಾಗುವವರು ಅಮೆರಿಕದಲ್ಲಿ ಬಹಳ ಮಂದಿ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಮ್ಮವರಲ್ಲೂ ಈ ಹವ್ಯಾಸ ಹಚ್ಚಿಕೊಂಡವರಿದ್ದಾರೆ. ಇಂಥವರ ಚೀಲದಲ್ಲಿ ಈಗ ಹೆಡ್‌ಸೆಟ್ಟಿನಷ್ಟೇ ಖಾಯಂ ಆಗಿರುವ ಇನ್ನೊಂದು ವಸ್ತು ಐಪ್ಯಾಡ್. ಅದರಲ್ಲಿ ಇಎಫ್‌ಬಿ, ಅಂದರೆ ಎಲೆಕ್ಟ್ರಾನಿಕ್ ಫ್ಲೈಟ್ ಬ್ಯಾಗ್ ಎನ್ನುವ ಬಗೆಯ ಒಂದು ಆ್ಯಪ್ ಇರುತ್ತದೆ. ಹಿಂದೆ ಪೈಲಟ್‌ಗಳು ಚರ್ಮದ ಚೀಲದಲ್ಲಿ ಹೊತ್ತೊಯ್ಯುತ್ತಿದ್ದ ನಕ್ಷೆ, ಕೈಪಿಡಿ, ಹವಾಮಾನದ ಚೀಟಿ, ಲೆಕ್ಕದ ಹಾಳೆ ಎಲ್ಲವೂ ಇದರಲ್ಲೇ ಸಿಗುತ್ತವೆ.

ಗೂಗಲ್ ಮ್ಯಾಪ್ ಇರುವಾಗ ಇದೆಲ್ಲ ಯಾಕೆ ಎಂದು ನಿಮಗನ್ನಿಸಬಹುದು. ಆಕಾಶದಲ್ಲಿ ರಸ್ತೆ ಇಲ್ಲ, ಆದರೆ ಗಡಿಗಳು ತುಂಬಾ ಇವೆ. ಸ್ಯಾನ್ ಫ್ರಾನ್ಸಿಸ್ಕೊದಂಥ ದೊಡ್ಡ ವಿಮಾನ ನಿಲ್ದಾಣದ ಸುತ್ತಲಿನ ಆಕಾಶಕ್ಕೆ 'ಕ್ಲಾಸ್ ಬಿ' ಎಂದು ಹೆಸರು. ಕಂಟ್ರೋಲರ್ ಬಾಯಿಬಿಟ್ಟು ಅನುಮತಿ ಕೊಡದೆ ಅದರೊಳಗೆ ಕಾಲಿಡುವಂತಿಲ್ಲ. ಈ ಗಡಿಗಳಿಗೆ ಉದ್ದ, ಅಗಲದ ಜೊತೆ ಎತ್ತರವೂ ಉಂಟು. ಒಂದೇ ಜಾಗದ ಮೇಲೆ 2,000 ಅಡಿಯಲ್ಲಿ ಹೋದರೆ ತೊಂದರೆಯಿಲ್ಲ, 5,000 ಅಡಿಯಲ್ಲಿ ಹೋದರೆ ತಪ್ಪು ಅನ್ನುವಂಥ ಪರಿಸ್ಥಿತಿ. ಇದನ್ನೆಲ್ಲ ತೋರಿಸುವ ನಕ್ಷೆಗೆ ಸೆಕ್ಷನಲ್ ಚಾರ್ಟ್ ಎನ್ನುತ್ತಾರೆ. ಅಳತೆ 1:500,000. ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎ ಇದನ್ನು 56 ದಿನಕ್ಕೊಮ್ಮೆ ಹೊಸದಾಗಿ ಹೊರತರುತ್ತದೆ. ಆ್ಯಪ್ ತೆರೆದಾಗ ಕಾಣುವುದು ಇದೇ ನಕ್ಷೆ, ಅದರ ಮೇಲೆ ಜಿಪಿಎಸ್ ತೋರಿಸುವ ನಿಮ್ಮ ವಿಮಾನದ ಗುರುತು.

ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ನಿಜವಾದ ದಾರಿಯ ಮೇಲೇ ನೋಡೋಣ. ಸಿಲಿಕಾನ್ ವ್ಯಾಲಿಯ ಪಾಲೊ ಆಲ್ಟೊದಿಂದ ಸಿಯೆರಾ ನೆವಾಡಾ ಬೆಟ್ಟಸಾಲಿನ ಆಚೆಗಿರುವ ಸೌತ್ ಲೇಕ್ ಟಾಹೊಗೆ ಹೋಗಬೇಕು. ವಿಮಾನ ಸೆಸ್ನಾ 172.

ಎರಡೂ ನಿಲ್ದಾಣಗಳ ಸಂಕೇತ ಟೈಪ್ ಮಾಡಿದರೆ ಆ್ಯಪ್ ನೇರ ಗೆರೆ ಎಳೆಯುತ್ತದೆ. ದೂರ ಸುಮಾರು 130 ನಾಟಿಕಲ್ ಮೈಲಿ, ಅಂದರೆ 240 ಕಿಲೊಮೀಟರ್. ಆದರೆ ನೇರ ಗೆರೆಯಲ್ಲಿ ಹಾರುವವರು ಕಡಿಮೆ. ಬೆರಳಿನಿಂದ ಆ ಗೆರೆಯನ್ನು ಹಿಡಿದೆಳೆದು ಲಿವರ್‌ಮೋರ್, ಪ್ಲಾಸರ್‌ವಿಲ್, ಎಕೊ ಸಮಿಟ್ ಮೇಲಿಂದ ಹೋಗುವಂತೆ ಬಗ್ಗಿಸುತ್ತಾರೆ. ಹಾಗೆ ಬಗ್ಗಿಸಿದರೆ ಕೊನೆಯ ಭಾಗದಲ್ಲಿ ಕೆಳಗೆ 50ನೇ ನಂಬರಿನ ಹೆದ್ದಾರಿ ಸಿಗುತ್ತದೆ. ಎಂಜಿನ್ ಕೈಕೊಟ್ಟರೆ ಕಾಡಿನ ಮೇಲಿರುವುದಕ್ಕಿಂತ ರಸ್ತೆಯ ಹತ್ತಿರ ಇರುವುದು ಮೇಲು. ಈ ವಿವೇಕ ಆ್ಯಪ್‌ಗಿಲ್ಲ. ಅದು ಪೈಲಟ್‌ನ ಪಾಲಿನ ಕೆಲಸ.

ಆಮೇಲೆ ಎತ್ತರ. ಕಣ್ಣಳತೆಯಲ್ಲಿ ಹಾರುವುದಕ್ಕೆ ವಿಎಫ್‌ಆರ್ ಎನ್ನುತ್ತಾರೆ, ಮೋಡದೊಳಗೆ ನುಗ್ಗುವಂತಿಲ್ಲ. ವಿಎಫ್‌ಆರ್‌ನಲ್ಲಿ ಪೂರ್ವ ದಿಕ್ಕಿಗೆ ಹೋಗುವವರು ಬೆಸ ಸಾವಿರಕ್ಕೆ 500 ಸೇರಿಸಿದ ಎತ್ತರ ಆರಿಸಿಕೊಳ್ಳಬೇಕು: 7,500, 9,500, 11,500 ಹೀಗೆ. ತೆರೆಯ ಕೆಳಭಾಗದಲ್ಲಿ ದಾರಿಯುದ್ದದ ನೆಲವನ್ನು ಅಡ್ಡ ಸೀಳಿ ತೋರಿಸುವ ಚಿತ್ರ ತೆರೆದುಕೊಳ್ಳುತ್ತದೆ. ಅದರಲ್ಲಿ 9,500 ಅಡಿಯ ಗೆರೆಗೆ ಸಿಯೆರಾ ಬೆಟ್ಟಗಳು ತೀರ ಸಮೀಪ ಬರುವುದು ಕಣ್ಣಿಗೆ ರಾಚುತ್ತದೆ. ಎಕೊ ಸಮಿಟ್ ಕಣಿವೆ 7,380 ಅಡಿಯಲ್ಲಿದ್ದರೂ ಪಕ್ಕದ ಪಿರಮಿಡ್ ಪೀಕ್ ಸುಮಾರು 9,980 ಅಡಿ. ಹಾಗಾಗಿ 11,500.

ಇನ್ನು ಗಾಳಿ. ಅಮೆರಿಕದ ಹವಾಮಾನ ಇಲಾಖೆ ಬೇರೆ ಬೇರೆ ಎತ್ತರಗಳಲ್ಲಿ ಗಾಳಿ ಯಾವ ಕಡೆಯಿಂದ, ಎಷ್ಟು ವೇಗದಲ್ಲಿ ಬೀಸಲಿದೆ ಎಂಬ ಮುನ್ಸೂಚನೆ ಕೊಡುತ್ತದೆ. ಆ್ಯಪ್ ಅದನ್ನು ತಾನೇ ಎಳೆದುಕೊಳ್ಳುತ್ತದೆ. ವಿಮಾನದ ವೇಗ 115 ನಾಟ್ (ಗಂಟೆಗೆ 115 ನಾಟಿಕಲ್ ಮೈಲಿ), ಪಶ್ಚಿಮದಿಂದ 20 ನಾಟ್ ಗಾಳಿ ಎಂದುಕೊಳ್ಳಿ. ಹೋಗುವಾಗ ಗಾಳಿ ಬೆನ್ನಿಗಿರುತ್ತದೆ, ನೆಲದ ಮೇಲಿನ ವೇಗ 130ರ ಆಸುಪಾಸಿಗೆ ಏರಿ ಸುಮಾರು ಒಂದು ಗಂಟೆಯಲ್ಲಿ ಪ್ರಯಾಣ ಮುಗಿಯುತ್ತದೆ. ಬರುವಾಗ ಅದೇ ಗಾಳಿ ಎದುರು. ವೇಗ ನೂರಕ್ಕಿಂತ ಕೆಳಗಿಳಿದು ಒಂದು ಗಂಟೆ ಇಪ್ಪತ್ತು ನಿಮಿಷ ಬೇಕಾಗುತ್ತದೆ. ಈ ಲೆಕ್ಕವನ್ನು ಹಿಂದೆ ಇ6ಬಿ ಎಂಬ ದುಂಡನೆಯ ತಿರುಗಿಸುವ ಪಟ್ಟಿಯಲ್ಲಿ ಕೈಯಾರೆ ಮಾಡಬೇಕಿತ್ತು. ಈಗ ಎತ್ತರ ಬದಲಿಸಿದ ಕೂಡಲೇ ಸಮಯ, ಇಂಧನ ಎಲ್ಲ ಬದಲಾಗಿ ನಿಲ್ಲುತ್ತವೆ. ಹಗಲಿನಲ್ಲಿ ಗುರಿ ಮುಟ್ಟಿದ ಮೇಲೂ ಕನಿಷ್ಠ ಅರ್ಧ ಗಂಟೆ, ರಾತ್ರಿಯಾದರೆ ಮುಕ್ಕಾಲು ಗಂಟೆ ಹಾರುವಷ್ಟು ಇಂಧನ ಉಳಿದಿರಬೇಕೆಂಬುದು ನಿಯಮ. ನನ್ನ ಕೇಳಿದರೆ ಒಂದು ಗಂಟೆಯದು ಇಟ್ಟುಕೊಳ್ಳಿ.

ಇಲ್ಲೇ ಒಂದು ಎಚ್ಚರಿಕೆ. ಪಶ್ಚಿಮದ ಗಾಳಿ ಬೆಟ್ಟ ಹತ್ತಿ ಇಳಿಯುವಾಗ ಟಾಹೊ ಕಡೆಯ ಇಳಿಜಾರಿನಲ್ಲಿ ವಿಮಾನವನ್ನು ಕೆಳಕ್ಕೆ ದಬ್ಬುತ್ತದೆ. ಬೆನ್ನಿಗೆ ಗಾಳಿ ಸಿಕ್ಕಿ ಇಂಧನ ಉಳಿಯಿತು ಎಂದು ಆ್ಯಪ್ ಹಸಿರು ಅಂಕಿ ತೋರಿಸುತ್ತಿರುವಾಗಲೇ ಈ ಅಪಾಯವೂ ಹೆಚ್ಚಿರುತ್ತದೆ. ಪರ್ವತದ ಮೇಲಿನ ಹಾರಾಟವನ್ನು ಅದಕ್ಕಾಗಿಯೇ ತರಬೇತುದಾರರ ಜೊತೆ ಪ್ರತ್ಯೇಕವಾಗಿ ಕಲಿಯುತ್ತಾರೆ.

ಪೈಲಟ್‌ಗಳು ಬೇಗ ಬೇಗ ದಾಟಿಬಿಡುವ ಪುಟವೊಂದಿದೆ: ತೂಕ ಮತ್ತು ಸಮತೋಲ. ಸೆಸ್ನಾ 172ಎಸ್ ಮಾದರಿಯಲ್ಲಿ ನಾಲ್ಕು ಸೀಟುಗಳಿವೆ. ಮೇಲೇರುವಾಗ ಒಟ್ಟು ತೂಕ 2,550 ಪೌಂಡ್ ಮೀರಬಾರದು. ಬರೀ ವಿಮಾನದ ತೂಕವೇ 1,700ರ ಆಸುಪಾಸು. ಟ್ಯಾಂಕ್ ತುಂಬಿಸಿದರೆ ಬಳಸಲು ಸಿಗುವ 53 ಗ್ಯಾಲನ್ ಇಂಧನಕ್ಕೆ 318 ಪೌಂಡ್. ಉಳಿಯುವುದು 530 ಪೌಂಡ್, ನಮ್ಮ ಲೆಕ್ಕದಲ್ಲಿ 240 ಕಿಲೊ. ದಷ್ಟಪುಷ್ಟ ಮೂವರು ಕೂತರೆ ಅಲ್ಲಿಗೆ ಮುಗಿಯಿತು. ನಾಲ್ಕನೆಯವರನ್ನೂ ಸೂಟ್‌ಕೇಸನ್ನೂ ಬಿಟ್ಟು ಹೋಗಬೇಕು, ಇಲ್ಲವೇ ಇಂಧನ ಕಡಿಮೆ ಹಾಕಿಸಬೇಕು. ಆ್ಯಪ್‌ನಲ್ಲಿ ಒಬ್ಬೊಬ್ಬರ ತೂಕ ತುಂಬಿದರೆ ಮಿತಿಯೊಳಗಿದೆಯೇ ಎಂದು ಒಂದು ಚುಕ್ಕಿ ಹೇಳುತ್ತದೆ. ಆದರೆ ವಿಮಾನದ ಖಾಲಿ ತೂಕವನ್ನು ಅದೇ ವಿಮಾನದ ದಾಖಲೆ ಪುಸ್ತಕ ನೋಡಿ ನೀವೇ ತುಂಬಬೇಕು. ಕಾರ್ಖಾನೆಯ ಅಂಕಿ ಹಾಕಿದರೆ ಲೆಕ್ಕ ಚೆನ್ನಾಗಿಯೇ ಬರುತ್ತದೆ, ನಿಮ್ಮ ವಿಮಾನದ್ದಾಗಿರುವುದಿಲ್ಲ. ವೇಗ, ಇಂಧನ ಖರ್ಚಿನ ಅಂಕಿಗಳಿಗೂ ಇದೇ ಮಾತು. ನಲವತ್ತು ವರ್ಷದ ವಿಮಾನ ಹೊಸದರಂತೆ ಓಡುವುದಿಲ್ಲ.

ಟಾಹೊ ನಿಲ್ದಾಣ ಸುಮಾರು 6,270 ಅಡಿ ಎತ್ತರದಲ್ಲಿದೆ. ಬೇಸಿಗೆ ಮಧ್ಯಾಹ್ನ 28 ಡಿಗ್ರಿ ಇದ್ದರೆ ಗಾಳಿ ತೆಳುವಾಗಿ, ವಿಮಾನಕ್ಕೆ ಅದು 9,300 ಅಡಿ ಎತ್ತರದಂತೆ ಅನುಭವವಾಗುತ್ತದೆ. ಇದಕ್ಕೆ ಡೆನ್ಸಿಟಿ ಆಲ್ಟಿಟ್ಯೂಡ್ ಎನ್ನುತ್ತಾರೆ. ಎಂಜಿನ್ ಏದುಸಿರು ಬಿಡುತ್ತದೆ, ರನ್‌ವೇ ಹೆಚ್ಚು ಬೇಕಾಗುತ್ತದೆ. ನಿಲ್ದಾಣದ ಪುಟದಲ್ಲೇ ಈ ಅಂಕಿ ಕಾಣಿಸುತ್ತದೆ. ಅದನ್ನು ನೋಡಿ ಬೆಳಗ್ಗೆಯೇ ಹೊರಟು ಬರುವುದು ಜಾಣತನ.

ಹೊರಡುವ ಮುನ್ನ ಇನ್ನೂ ಮೂರು ಬಗೆಯ ಸುದ್ದಿ ಓದಬೇಕು. ಮೆಟಾರ್ ಎಂದರೆ ನಿಲ್ದಾಣದ ಈಗಿನ ಹವಾಮಾನ, ಟ್ಯಾಫ್ ಎಂದರೆ ಮುಂದಿನ ಗಂಟೆಗಳ ಮುನ್ಸೂಚನೆ. ನೋಟಮ್ ಎಂದರೆ ಪೈಲಟ್‌ಗಳಿಗೆ ಕೊಡುವ ಸೂಚನೆ: ಯಾವ ರನ್‌ವೇ ಮುಚ್ಚಿದೆ, ಯಾವ ದೀಪ ಕೆಟ್ಟಿದೆ, ಎಲ್ಲಿ ಜಿಪಿಎಸ್ ಪರೀಕ್ಷೆ ನಡೆಯುತ್ತಿದೆ ಇತ್ಯಾದಿ. ಇದರಲ್ಲೇ ಟಿಎಫ್‌ಆರ್ ಎಂಬ ತಾತ್ಕಾಲಿಕ ನಿಷೇಧಗಳೂ ಬರುತ್ತವೆ. ಅಧ್ಯಕ್ಷರು ಊರಿಗೆ ಬಂದರೆ ಸಾಮಾನ್ಯವಾಗಿ 30 ನಾಟಿಕಲ್ ಮೈಲಿ ಸುತ್ತ. ಕಾಳ್ಗಿಚ್ಚು ಹತ್ತಿದರೆ ಅದರ ಮೇಲೂ ನಿಷೇಧ, ನೀರು ಸುರಿಯುವ ವಿಮಾನಗಳಿಗೆ ಅಡ್ಡಿಯಾಗಬಾರದೆಂದು. ಪಾಲೊ ಆಲ್ಟೊದವರಿಗೆ ಇನ್ನೊಂದು ಉಪದ್ರವ ಇದೆ: ಸ್ಯಾಂಟಾ ಕ್ಲಾರಾದ ಲೀವೈಸ್ ಕ್ರೀಡಾಂಗಣ. ಅಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಪಂದ್ಯವಿದ್ದಾಗ ಶುರುವಾಗುವ ಒಂದು ಗಂಟೆ ಮೊದಲಿಂದ ಮುಗಿದು ಒಂದು ಗಂಟೆಯವರೆಗೆ, 3 ನಾಟಿಕಲ್ ಮೈಲಿ ಸುತ್ತ, ನೆಲದಿಂದ 3,000 ಅಡಿವರೆಗೆ ಹಾರುವಂತಿಲ್ಲ. ಆ್ಯಪ್ ಇಂಥವನ್ನು ಕೆಂಪು ವೃತ್ತವಾಗಿ ಬರೆಯುತ್ತದೆ. ಆದರೆ ಬೆಳಗ್ಗೆ ಇಳಿಸಿಕೊಂಡ ವೃತ್ತಗಳು ಬೆಳಗ್ಗಿನವು. ಮಧ್ಯಾಹ್ನ ಹೊರಡುವಾಗ ಮತ್ತೆ ಒಮ್ಮೆ ಇಳಿಸಿಕೊಳ್ಳಬೇಕು. ಹಾರಾಟಕ್ಕೆ ಬೇಕಾದ, ಸಿಗುವಂಥ ಎಲ್ಲ ಮಾಹಿತಿಯನ್ನೂ ತಿಳಿದುಕೊಳ್ಳುವ ಹೊಣೆ ಪೈಲಟ್‌ನದು ಎಂದು ಕಾನೂನೇ ಹೇಳುತ್ತದೆ. ಆ್ಯಪ್ ತೋರಿಸಲಿಲ್ಲ ಎಂಬ ಸಮಜಾಯಿಷಿ ಅಲ್ಲಿ ನಡೆಯದು.

ಅಮೆರಿಕದಲ್ಲಿ ವಿಎಫ್‌ಆರ್ ಹಾರಾಟಕ್ಕೆ ಸಾಮಾನ್ಯವಾಗಿ ಫ್ಲೈಟ್ ಪ್ಲಾನ್ ಸಲ್ಲಿಸಲೇಬೇಕೆಂದಿಲ್ಲ. ಆದರೂ ಸಲ್ಲಿಸಿ. ತಲುಪಬೇಕಾದ ಹೊತ್ತಿಗಿಂತ ಅರ್ಧ ಗಂಟೆ ಮೀರಿದರೆ ನಿಮ್ಮನ್ನು ಹುಡುಕಲು ಶುರುಮಾಡುತ್ತಾರೆ. ಒಂದು ಗುಂಡಿ ಒತ್ತಿದರೆ ಪ್ಲಾನ್ ಹೋಗುತ್ತದೆ, ಇನ್ನೊಂದು ಒತ್ತಿದರೆ ಚಾಲೂ ಆಗುತ್ತದೆ, ಇಳಿದ ಮೇಲೆ ಮತ್ತೊಂದು ಒತ್ತಿ ಮುಗಿಸಬೇಕು. ಈ ಕೊನೆಯದು ಅನೇಕರಿಗೆ ಮರೆಯುತ್ತದೆ. ಟವರ್‌ನವರು ನಿಮ್ಮ ಪರವಾಗಿ ಅದನ್ನು ಮುಗಿಸುವುದಿಲ್ಲ.

ಮೇಲೆ ಹೋದ ಮೇಲೆ ಇಂಟರ್ನೆಟ್ ಎಲ್ಲಿಂದ ಎಂದು ಕೇಳುತ್ತೀರಿ. ಹಾರುವ ವಿಮಾನದಲ್ಲಿ ಮೊಬೈಲ್ ಸಿಗ್ನಲ್ ನಂಬಿಕೊಳ್ಳಲಾಗದು. ಅದಕ್ಕೇ ನಕ್ಷೆಗಳನ್ನು ಮನೆಯಲ್ಲೇ ಇಳಿಸಿಟ್ಟುಕೊಳ್ಳಬೇಕು. ಹವಾಮಾನಕ್ಕೆ ಎಡಿಎಸ್-ಬಿ ಎಂಬ ವ್ಯವಸ್ಥೆ ಇದೆ. ನೆಲದ ಮೇಲಿನ ಗೋಪುರಗಳು ಮಳೆಯ ರೇಡಾರ್ ಚಿತ್ರ, ಮೆಟಾರ್, ಸುತ್ತಲಿನ ವಿಮಾನಗಳ ಸ್ಥಾನ ಇವನ್ನೆಲ್ಲ ಉಚಿತವಾಗಿ ಬಿತ್ತರಿಸುತ್ತವೆ. ಸೆಂಟ್ರಿ, ಸ್ಟ್ರಾಟಸ್ ಮುಂತಾದ ಅಂಗೈಯಗಲದ ರಿಸೀವರ್‌ಗಳು ಅದನ್ನು ಹಿಡಿದು ಟ್ಯಾಬ್ಲೆಟ್‌ಗೆ ವೈಫೈ ಮೂಲಕ ದಾಟಿಸುತ್ತವೆ. ಕೈಯಾರೆ ಕಟ್ಟುವ ಹುಚ್ಚಿರುವವರು ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬಳಸಿ ಸ್ಟ್ರಾಟಕ್ಸ್ ಎಂಬುದನ್ನು ಮನೆಯಲ್ಲೇ ಕಟ್ಟಿಕೊಳ್ಳುತ್ತಾರೆ.

ಆ ರೇಡಾರ್ ಚಿತ್ರದ ವಿಷಯದಲ್ಲಿ ಮಾತ್ರ ತುಸು ನಿಲ್ಲಬೇಕು. ಚಿತ್ರದ ಪಕ್ಕದಲ್ಲಿ 'ಎರಡು ನಿಮಿಷ ಹಳೆಯದು' ಎಂದಿರುತ್ತದೆ. ಅದು ಚಿತ್ರ ಜೋಡಿಸಿದ ಮೇಲಿನ ವಯಸ್ಸು. ಮಳೆಯನ್ನು ರೇಡಾರ್ ನೋಡಿದ್ದು ಅದಕ್ಕೂ ಮೊದಲು. ಅಪಘಾತಗಳ ತನಿಖೆ ನಡೆಸುವ ಎನ್‌ಟಿಎಸ್‌ಬಿ ಸಂಸ್ಥೆ 2012ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು: ಕೆಲವು ಸಂದರ್ಭಗಳಲ್ಲಿ ಚಿತ್ರ, ತಾನು ಹೇಳಿಕೊಳ್ಳುವುದಕ್ಕಿಂತ 15ರಿಂದ 20 ನಿಮಿಷ ಹಳೆಯದಿರಬಹುದು. ಗುಡುಗು ಮೋಡ ಅಷ್ಟರಲ್ಲಿ ಹತ್ತಾರು ಕಿಲೊಮೀಟರ್ ಸರಿದಿರುತ್ತದೆ. ನಿನ್ನೆಯ ಬಸ್ ಟಿಕೆಟ್ ಹಿಡಿದು ಇಂದಿನ ಸೀಟು ಕೇಳಿದಂತಾದೀತು, ಆ ಚಿತ್ರ ನೋಡಿಕೊಂಡು ಎರಡು ಮೋಡಗಳ ನಡುವೆ ನುಸುಳಲು ಹೊರಟರೆ. ದೂರದಿಂದಲೇ ಬಳಸಿಕೊಂಡು ಹೋಗಲು ಅದು ಸಾಕು. ಪಕ್ಕದ ವಿಮಾನಗಳ ವಿಷಯವೂ ಅಷ್ಟೇ. ಗ್ಲೈಡರ್‌ಗಳೂ ವಿದ್ಯುತ್ ವ್ಯವಸ್ಥೆಯಿಲ್ಲದ ಹಳೆಯ ವಿಮಾನಗಳೂ ತೆರೆಯಲ್ಲಿ ಕಾಣಿಸದೇ ಇರಬಹುದು. ಕಣ್ಣು ಕಿಟಕಿಯಾಚೆಗೇ ಇರಬೇಕು.

ಯಾವ ಸಾಧನ ಕೊಳ್ಳಬೇಕು? ಕಾಕ್‌ಪಿಟ್ ಇಕ್ಕಟ್ಟು, ಹಾಗಾಗಿ ತೊಡೆಗೆ ಕಟ್ಟಿಕೊಳ್ಳಲು ಐಪ್ಯಾಡ್ ಮಿನಿ ಹಿತ. ಒಂದು ಮುಖ್ಯ ವಿಷಯ: ವೈಫೈ ಮಾತ್ರ ಇರುವ ಐಪ್ಯಾಡ್‌ನಲ್ಲಿ ಜಿಪಿಎಸ್ ಇರುವುದಿಲ್ಲ. ಮೊಬೈಲ್ ಸಂಪರ್ಕವೂ ಇರುವ ಮಾದರಿಯಲ್ಲಿ ಇರುತ್ತದೆ, ಆ ಸಂಪರ್ಕ ಪಡೆಯದಿದ್ದರೂ ಅದು ಕೆಲಸ ಮಾಡುತ್ತದೆ. ಅಂಗಡಿಯಲ್ಲಿ ಹಣ ಉಳಿಸಲು ಹೋಗಿ ಅಗ್ಗದ್ದನ್ನು ತಂದವರು ಬೇರೆ ಜಿಪಿಎಸ್ ಡಬ್ಬಿ ಕೊಳ್ಳಬೇಕಾಗುತ್ತದೆ. ಐಪ್ಯಾಡ್ 35 ಡಿಗ್ರಿವರೆಗಿನ ಬಿಸಿಯಲ್ಲಿ ಬಳಸಲು ತಯಾರಾದದ್ದು. ಬಿಸಿಲಿಗೆ ಮುಖ ಮಾಡಿ ಗಾಜಿಗೆ ಅಂಟಿಸಿದರೆ ಕಾದು ತಾನೇ ಆಫ್ ಆಗುತ್ತದೆ. ಹಾಗಾಗಿ ಫೋನಿನಲ್ಲೂ ಅದೇ ಆ್ಯಪ್, ಅದೇ ನಕ್ಷೆ ಇರಲಿ. ಚಾರ್ಜರ್ ವೈರೂ ಇರಲಿ. ಕಾಗದದ ನಕ್ಷೆ ಕಡ್ಡಾಯವಲ್ಲ. ನನ್ನ ಮಟ್ಟಿಗೆ, ಹೊಸ ದಾರಿಯಾದರೆ ಮುಖ್ಯ ದಿಕ್ಕು, ದೂರ, ರೇಡಿಯೊ ತರಂಗಾಂಕಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯ ರೂಢಿ.

ಖರ್ಚಿನ ಮಾತು. ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವುದು 2007ರಲ್ಲಿ ಹುಟ್ಟಿದ ಫೋರ್‌ಫ್ಲೈಟ್. ಅದು ಐಫೋನ್, ಐಪ್ಯಾಡ್‌ಗಳಿಗಾಗಿ ಇರುವುದು. ಅದನ್ನು 2019ರಲ್ಲಿ ಬೋಯಿಂಗ್ ಕೊಂಡು, 2025ರಲ್ಲಿ ಜೆಪ್ಪೆಸೆನ್ ನಕ್ಷೆ ಕಂಪನಿಯ ಜೊತೆ ಮಾರಿತು. ಗಾರ್ಮಿನ್ ಪೈಲಟ್ ಆ್ಯಂಡ್ರಾಯ್ಡ್‌ನಲ್ಲೂ ಸಿಗುತ್ತದೆ. ಇವುಗಳ ವಾರ್ಷಿಕ ಚಂದಾ ನೂರಾರು ಡಾಲರ್, ಸವಲತ್ತು ಹೆಚ್ಚಿದಂತೆ ಅದೂ ಏರುತ್ತದೆ. ರಿಸೀವರ್ ಬೇಕೆಂದರೆ ಮತ್ತೆ ಕೆಲವು ನೂರು ಡಾಲರ್. ಹಣ ಹಾಕುವ ಮನಸ್ಸಿಲ್ಲದವರಿಗೆ ಫ್ಲೈಟ್‌ಪ್ಲಾನ್ ಗೋ, ಆ್ಯಂಡ್ರಾಯ್ಡ್‌ನಲ್ಲಿ ಅವಾರೆ ಇವು ಉಚಿತ. ಉಚಿತ ಹೇಗೆ ಸಾಧ್ಯವೆಂದರೆ, ಎಫ್‌ಎಎ ತನ್ನ ನಕ್ಷೆಗಳನ್ನು ಜಾಲತಾಣದಲ್ಲಿ ಯಾರಿಗಾದರೂ ಬಿಟ್ಟುಕೊಡುತ್ತದೆ. ಯುರೋಪಿನಲ್ಲಿ ಹೆಸರಾದದ್ದು ಬ್ರಿಟನ್ನಿನ ಸ್ಕೈಡೀಮನ್. ಎಲ್ಲವೂ ಆ್ಯಪ್ ಸ್ಟೋರ್ ಅಥವಾ ಪ್ಲೇ ಸ್ಟೋರ್‌ನಲ್ಲೋ ಆಯಾ ಕಂಪನಿಯ ತಾಣದಲ್ಲೋ ಸಿಗುತ್ತವೆ. ಫೋರ್‌ಫ್ಲೈಟ್ ಮತ್ತು ಗಾರ್ಮಿನ್ ಪೈಲಟ್‌ಗಳನ್ನು ಮೊದಲು ಉಚಿತವಾಗಿ ಬಳಸಿ ನೋಡುವ ಅವಕಾಶವಿದೆ. ನಿಮ್ಮ ತರಬೇತುದಾರರು ಯಾವುದನ್ನು ಬಳಸುತ್ತಾರೋ ಅದನ್ನೇ ಆರಿಸಿ. ತೊಡಕಾದಾಗ ಕೇಳಲು ಒಬ್ಬರು ಸಿಗುತ್ತಾರೆ.

ಇನ್ನು ನಮ್ಮ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಂಥ ಕಡೆ ಕಲಿಯುವವರಿಗೆ ಇದು ಎಷ್ಟು ಉಪಯೋಗ? ಗಾಳಿ, ಇಂಧನ, ತೂಕದ ಲೆಕ್ಕ ಎಲ್ಲಿ ಹಾರಿದರೂ ಒಂದೇ. ಇ6ಬಿಯಲ್ಲಿ ಕೈಯಾರೆ ಮಾಡಿ, ಆಮೇಲೆ ಆ್ಯಪ್‌ನ ಉತ್ತರದ ಜೊತೆ ಹೋಲಿಸಿ ನೋಡಿ. ಆದರೆ ಮೇಲೆ ಹೇಳಿದ ಎಡಿಎಸ್-ಬಿ ಹವಾಮಾನ ಪ್ರಸಾರ ಅಮೆರಿಕದ ಸವಲತ್ತು. ಭಾರತದಲ್ಲಿ ಒಂದು ಊರಿಂದ ಇನ್ನೊಂದು ಊರಿಗೆ ಹಾರಲು ಫ್ಲೈಟ್ ಪ್ಲಾನ್ ಸಲ್ಲಿಸಿ, ವಾಯುಪಡೆಯ ಎಡಿಸಿ ಎಂಬ ಅನುಮತಿಯನ್ನೂ ಹಾರಾಟ ಮಾಹಿತಿ ಕೇಂದ್ರ ಕೊಡುವ ಎಫ್‌ಐಸಿ ಸಂಖ್ಯೆಯನ್ನೂ ಪಡೆಯಬೇಕು. ಅಮೆರಿಕದ ಆ್ಯಪ್‌ನಲ್ಲಿ ಗುಂಡಿ ಒತ್ತಿದ ಮಾತ್ರಕ್ಕೆ ಅವು ಸಿಗುವುದಿಲ್ಲ. ನಿಲ್ದಾಣಗಳ ಅಧಿಕೃತ ವಿವರ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಇ-ಎಐಪಿ ತಾಣದಲ್ಲಿದೆ. ಆ್ಯಪ್‌ನ ಅಂಕಿಗೂ ಅಲ್ಲಿನ ಅಂಕಿಗೂ ವ್ಯತ್ಯಾಸ ಕಂಡರೆ ಅಲ್ಲಿರುವುದನ್ನೇ ನಂಬಿ.