ಮುಪ್ಪೂ ಚೋದಕ ರಸಗಳೂ: ಒಂದು ಐತಿಹಾಸಿಕ ವಿವೇಚನೆ

ಮಗನ ಯೌವನವನ್ನು ಬೇಡಿ ಪಡೆದ ಯಯಾತಿಯ ಕಥೆ ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ರಸಾಯನವೂ ವಾಜೀಕರಣವೂ ಸೇರಿರುವುದನ್ನು ನೋಡಿದರೆ, ಮುಪ್ಪನ್ನು ಹಿಂದೂಡುವ ಹಂಬಲ ಎಷ್ಟು ಪುರಾತನವೆಂಬುದು ವ್ಯಕ್ತವಾಗುತ್ತದೆ. ಆದರೆ ಇದು ಕೇವಲ ಹಂಬಲದ ಮಾತಲ್ಲ. ಅಂಕೋಲೆಯ ಸಮೀಪದ ಹಾರವಾಡದಂತಹ ಕಡಲತಡಿಯ ಊರಿನಲ್ಲಿ ಮೀನಿನ ಬುಟ್ಟಿ ಹೊರುವ ಹೆಂಗಸಿಗೆ, ಮುಟ್ಟು ನಿಲ್ಲುವ ಕಾಲದಲ್ಲಿ ಮೈ ಬಿಸಿಯೇರಿ ನಿದ್ರೆ ಕೆಟ್ಟರೆ, ಮುಂದೆ ಎಂದಾದರೂ ಜಾರಿಬಿದ್ದು ಸೊಂಟದ ಮೂಳೆ ಮುರಿದರೆ, ಅದು ಅನ್ನದ ಪ್ರಶ್ನೆಯೇ ಆಗುತ್ತದೆ.

1889ರಲ್ಲಿ ಪ್ಯಾರಿಸಿನ ಬ್ರೌನ್-ಸೆಕಾರ್ ಎಂಬ 72 ವರ್ಷದ ಶರೀರವಿಜ್ಞಾನಿಯು ಪ್ರಾಣಿಗಳ ವೃಷಣದ ಸಾರವನ್ನು ತನಗೇ ಚುಚ್ಚಿಕೊಂಡು, ಕಳೆದ ಶಕ್ತಿ ಮರಳಿತೆಂದು ಸಾರಿದನು. ಆ ಶಕ್ತಿ ರಸದ್ದಲ್ಲ, ನಂಬಿಕೆಯದೆಂದು ತರುವಾಯದ ವಿದ್ವಾಂಸರು ನಿರ್ಣಯಿಸಿದರು. 1905ರಲ್ಲಿ ಸ್ಟಾರ್ಲಿಂಗ್ ಇಂತಹ ರಸಗಳಿಗೆ ‘ಹಾರ್ಮೋನು’ ಎಂಬ ಹೆಸರನ್ನು ಬಳಕೆಗೆ ತಂದನು. 1942ರಲ್ಲಿ ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಮಾತ್ರೆ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯನು ಅದನ್ನು ಚಿರಯೌವನದ ಸಾಧನವೆಂದೇ ಪ್ರಚಾರಮಾಡಿದನು. 1975ರಲ್ಲಿ ಈಸ್ಟ್ರೋಜನ್ ಒಂದನ್ನೇ ಸೇವಿಸಿದವರಲ್ಲಿ ಗರ್ಭಕೋಶದ ಒಳಪದರದ ಅರ್ಬುದ ಹೆಚ್ಚೆಂದು ಕಂಡುಬಂದಿತು. ಗರ್ಭಕೋಶವುಳ್ಳವರಿಗೆ ಪ್ರೊಜೆಸ್ಟಿನ್ ಸೇರಿಸಿ ಕೊಡುವ ಪದ್ಧತಿ ಬೆಳೆಯಿತು.

ಮಾತ್ರೆ ಸೇವಿಸುವ ಸ್ತ್ರೀಯರಲ್ಲಿ ಹೃದ್ರೋಗ ಕಡಮೆಯೆಂದು ಬಹುಕಾಲ ನಂಬಲಾಗಿತ್ತು. ಆದರೆ ಅವರು ಮೊದಲೇ ಅನುಕೂಲವಂತರೂ ಆರೋಗ್ಯವಂತರೂ ಆಗಿದ್ದವರು. ಶಾಸನ ಬರೆಯಿಸಿದವರನ್ನು ಮಾತ್ರ ಕಂಡು ಇಡೀ ನಾಡಿನ ಸ್ಥಿತಿಯನ್ನು ಊಹಿಸುವ ಇತಿಹಾಸಕಾರನ ತಪ್ಪೂ ಇಂತಹದೇ. ಅಮೆರಿಕದಲ್ಲಿ 16,608 ಸ್ತ್ರೀಯರನ್ನು ಚೀಟಿ ಎತ್ತಿದಂತೆ ಎರಡು ಗುಂಪುಮಾಡಿ ನಡೆಸಿದ ಪರೀಕ್ಷೆಯನ್ನು 2002ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ವರ್ಷಕ್ಕೆ 10,000 ಮಂದಿಯಲ್ಲಿ ಸ್ತನದ ಅರ್ಬುದ 8, ಪಾರ್ಶ್ವವಾಯು 8, ಹೃದ್ರೋಗ 7 ಹೆಚ್ಚು. ಸೊಂಟದ ಮೂಳೆಮುರಿತ 5, ದೊಡ್ಡ ಕರುಳಿನ ಅರ್ಬುದ 6 ಕಡಮೆ.

ಆದರೆ ಆ ಸ್ತ್ರೀಯರ ಸರಾಸರಿ ವಯಸ್ಸು 63 ಎಂಬುದನ್ನು ಮರೆಯಲಾಗದು. 60ರೊಳಗಿನವರಿಗೆ, ಮುಟ್ಟು ನಿಂತು ಹತ್ತು ವರ್ಷ ಮೀರದವರಿಗೆ, ಬಿಸಿಯೇರುವ ಬಾಧೆ ತೀವ್ರವಾಗಿದ್ದರೆ ಲಾಭವೇ ಸಾಮಾನ್ಯವಾಗಿ ಹೆಚ್ಚೆಂದು ಇಂದಿನ ಅಭಿಪ್ರಾಯ. ಎಳೆಯ ವಯಸ್ಸಿನಲ್ಲಿಯೇ ಅಂಡಾಶಯ ಕಳೆದುಕೊಂಡವರಿಗೆ ಇದರ ಅಗತ್ಯ ಇನ್ನೂ ಹೆಚ್ಚು. ಸ್ತನದ ಅರ್ಬುದ, ರಕ್ತ ಹೆಪ್ಪುಗಟ್ಟುವ ರೋಗ, ಪಾರ್ಶ್ವವಾಯು ಆಗಿದ್ದವರಿಗೆ ಇದು ಸಾಮಾನ್ಯವಾಗಿ ಸಲ್ಲದು. ಗಂಡಸರ ಟೆಸ್ಟೋಸ್ಟಿರೋನಿನ ವಿಷಯವೂ ಹೀಗೆಯೇ: 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೃದಯಾಘಾತ ಹೆಚ್ಚಲಿಲ್ಲ, ಹೃದಯದ ತಾಳ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಿದುವು. ರಕ್ತಪರೀಕ್ಷೆಯಿಂದ ಕೊರತೆ ಸಿದ್ಧವಾಗದೆ, ಬರಿಯ ಆಯಾಸಕ್ಕೆ ಅದನ್ನು ಸೇವಿಸುವುದು ಉಚಿತವಲ್ಲ.

ಇದರಿಂದ ನಾವು ಕಲಿಯತಕ್ಕದ್ದೇನು? 1966ರ ಅತಿಯಾಸೆಯೂ 2002ರ ಅನಂತರದ ಅತಿಭಯವೂ ಒಂದೇ ದೋಷದ ಎರಡು ಮುಖಗಳು. ಭಯದಿಂದ ಔಷಧಿ ಬಿಟ್ಟ ಎಷ್ಟೋ ಸ್ತ್ರೀಯರು ವೃಥಾ ನರಳಿದರು. ಯಾರಿಗೆ, ಯಾವ ವಯಸ್ಸಿನಲ್ಲಿ, ಎಷ್ಟು ಕಾಲ ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಮಾತ್ರೆಯನ್ನು ಹೊಗಳುವುದೂ ತೆಗಳುವುದೂ ಅವಿವೇಕ. ಹಾರವಾಡದ ತಾಯಿ ವೈದ್ಯರ ಮುಂದೆ ಈ ಮೂರನ್ನು ಕೇಳುವಂತಾದರೆ, ಅವಳ ಮಕ್ಕಳು ಕಾಲೇಜಿನಲ್ಲಿ ಓದಿದ್ದು ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.